ಕಂಬದೊಳಗಿನ ನೀರು

ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾದಲ್ಲಿ ಹೆಮ್ಲಾಕ್ ಎಂಬ ಮರ ಬೆಳೆಯುತ್ತದೆ. ಸೂಜಿಯಂಥ ಎಲೆ, ನೆಟ್ಟಗೆ ಹೋಗುವ ಕಾಂಡ. ಅಲ್ಲಿನ ಸಾಮಿಲ್‌ಗಳು ಇದರ ದಿಮ್ಮಿಗಳನ್ನು 105 ಮಿಲಿಮೀಟರ್ ಚೌಕದ ಕಂಬಗಳಾಗಿ ಕೊಯ್ದು ಜಪಾನಿಗೆ ಕಳಿಸುತ್ತಿದ್ದವು. 100 ಅಲ್ಲ, 110 ಅಲ್ಲ, 105. ಯಾಕೆಂದರೆ ಜಪಾನಿನ ಬಡಗಿಗಳ ಹಳೇ ಅಳತೆಯಲ್ಲಿ ಅದು ಹೆಚ್ಚುಕಡಿಮೆ ಮೂರೂವರೆ 'ಸುನ್'. ಅವರ ಮನೆಯ ಕಂಬ ನಿಲ್ಲುವುದೇ ಆ ಲೆಕ್ಕದಲ್ಲಿ.

ಆದರೆ ಹಸಿಯಾಗಿದ್ದಾಗ ಸರಿಯಾಗಿ 105 ಇದ್ದ ಕಂಬ, ಮನೆಯೊಳಗೆ ನಿಂತು ಒಣಗಿದ ಮೇಲೆ 105 ಇರುವುದಿಲ್ಲ. ಒಂದು ಬದಿ 101ಕ್ಕೆ ಇಳಿದಿರುತ್ತದೆ, ಇನ್ನೊಂದು ಬದಿ 103ಕ್ಕೆ. ಉದ್ದ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಕಡಲಾಚೆಗೆ ಮನೆಯ ಮರ ಮಾರುವ ವ್ಯಾಪಾರದ ಬಹುಪಾಲು ತಲೆನೋವು ಈ ಎರಡು-ನಾಲ್ಕು ಮಿಲಿಮೀಟರಿನಲ್ಲಿದೆ.

ಹೀಗ್ಯಾಕೆ? ಆಗತಾನೇ ಕಡಿದ ಹೆಮ್ಲಾಕ್‌ನಲ್ಲಿ, ಚೇಗಿನ, ಅಂದರೆ ಕಾಂಡದ ನಡುವಿನ ಗಟ್ಟಿ ಮರದ, ಹೊರಗಿರುವ ಬಿಳಿ ಭಾಗವನ್ನೇ ತೆಗೆದುಕೊಳ್ಳಿ. ಅಲ್ಲಿ 100 ಕಿಲೋ ಒಣ ಮರಕ್ಕೆ ಸುಮಾರು 170 ಕಿಲೋ ನೀರಿರುತ್ತದೆ. ಮರಕ್ಕಿಂತ ನೀರೇ ಜಾಸ್ತಿ! ಈ ನೀರು ಎರಡು ಕಡೆ ಇರುತ್ತದೆ. ಮರವೆಂದರೆ ಉದ್ದುದ್ದ ಸಣ್ಣ ಕೊಳವೆಗಳ ಕಟ್ಟು. ಒಂದಷ್ಟು ನೀರು ಕೊಳವೆಯ ಟೊಳ್ಳಿನಲ್ಲಿ, ಉಳಿದದ್ದು ಕೊಳವೆಯ ಗೋಡೆಯೊಳಗೇ ಸೇರಿಕೊಂಡಿರುತ್ತದೆ. ಒಗೆದ ಪಂಚೆಯನ್ನು ಹಿಂಡಿದರೆ ನೀರು ಸುರಿಯುತ್ತದೆ, ಆಮೇಲೂ ಪಂಚೆ ಒದ್ದೆಯೇ ಇರುತ್ತದಲ್ಲ, ಹಾಗೆ. ಟೊಳ್ಳಿನ ನೀರು ಹೋದರೆ ಮರ ಹಗುರಾಗುತ್ತದೆ, ಅಷ್ಟೇ. ನೀರಿನ ತೂಕ ಒಣ ಮರದ ತೂಕದ 30 ಶೇಕಡಕ್ಕೆ ಇಳಿಯುವ ಹೊತ್ತಿಗೆ ಟೊಳ್ಳು ಖಾಲಿ. ಅಲ್ಲಿಂದ ಮುಂದೆ ಗೋಡೆಯ ನೀರು ಬಿಡತೊಡಗುತ್ತದೆ. ಮರ ಕುಗ್ಗುವುದು ಆಗಲೇ.

ಕುಗ್ಗುವುದೂ ಒಂದೇ ಸಮನಲ್ಲ. ಪೂರ್ತಿ ಒಣಗಿದರೆ, ಕಾಂಡವನ್ನು ಅಡ್ಡ ಕೊಯ್ದಾಗ ಕಾಣುವ ವರ್ಷದ ಉಂಗುರಗಳ ಗುಂಟ ಸುಮಾರು 8 ಶೇಕಡ, ಉಂಗುರಗಳನ್ನು ಅಡ್ಡ ಹಾಯುವ ದಿಕ್ಕಿನಲ್ಲಿ ಸುಮಾರು 4 ಶೇಕಡ. ಹಲಗೆ ಸೊಟ್ಟಗಾಗುವುದು, ಚೌಕದ ಕಂಬ ಮೂಲೆ ತಪ್ಪುವುದು, ಎಲ್ಲ ಈ ವ್ಯತ್ಯಾಸದಿಂದ.

ಇನ್ನೊಂದು ವಿಷಯ. ಒಣಗಿದ ಮರ ಒಣಗಿಯೇ ಇರುವುದಿಲ್ಲ. ಸುತ್ತಲ ಗಾಳಿಯ ಜೊತೆ ನೀರಿನ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಗಾಳಿಯ ತೇವ 65 ಶೇಕಡ ಇದ್ದರೆ ಮರದಲ್ಲಿ ಸುಮಾರು 12 ಶೇಕಡ ನೀರು ನಿಲ್ಲುತ್ತದೆ. ಗಾಳಿಯ ತೇವ 90 ಆದರೆ ಮರದ ನೀರು 20ರ ಹತ್ತಿರ. ನಮ್ಮ ಮಲೆನಾಡಿನಲ್ಲಿ ಆಷಾಢಕ್ಕೆ ಬಿಗಿದುಕೊಂಡ ಬಾಗಿಲು ಮಾಘಕ್ಕೆ ಸಡಿಲವಾಗುವುದೂ ಇದರಿಂದಲೇ ಅಲ್ವಾ? ಹಾಗಾಗಿ ಮರವನ್ನು ಸುಮ್ನೆ ಒಣಗಿಸಿದರೆ ಸಾಲದು. ಅದು ಮುಂದೆ ಯಾವ ಊರಿನ ಗಾಳಿಯಲ್ಲಿ ಬಾಳಬೇಕೋ ಆ ಗಾಳಿಗೆ ತಕ್ಕಂತೆ ಒಣಗಿಸಬೇಕು.

ಬಹಳ ಕಾಲ ಈ ಹಸಿ ಕಂಬಗಳ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಜಪಾನಿನ ಬಡಗಿಗಳು ಮರ ಕುಗ್ಗುತ್ತದೆಂದು ತಿಳಿದೇ ಕೆಲಸ ಮಾಡುವವರು. ಕಂಬದ ಒಂದು ಮುಖದಲ್ಲಿ, ಗೋಡೆಗೆ ಮರೆಯಾಗುವ ಕಡೆ, ನಡುತಿರುಳಿನವರೆಗೆ ಉದ್ದಕ್ಕೆ ಒಂದು ಸೀಳು ಹಾಕುತ್ತಿದ್ದರು. ಕುಗ್ಗುವಾಗ ಆ ಸೀಳು ಬಾಯಿಬಿಡುತ್ತದೆ, ಉಳಿದ ಮೂರು ಮುಖಗಳಲ್ಲಿ ಬಿರುಕು ಕಡಿಮೆ. ಮರದ ಗುಣ ಬಲ್ಲವರ ಕೈಚಳಕ ಅದು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಸಂಗತಿಯೂ ಅದೇ.

1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆ ನಗರ ಭೂಕಂಪಕ್ಕೆ ನಡುಗಿತು. 6,400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜನ ಕುಸಿದ ಮನೆಗಳಡಿ ಸಿಕ್ಕಿದವರು. ಮೇಲೆ ಮಣ್ಣು ಹಾಸಿ ಹೊದಿಸಿದ ಭಾರದ ಹೆಂಚು, ಕೆಳಗೆ ತಡೆಯುವ ಗೋಡೆ ಕಡಿಮೆ, ಎಷ್ಟೋ ಹಳೇ ಮನೆಗಳಲ್ಲಿ ಕಂಬದ ಬುಡ ಕೊಳೆತಿತ್ತು, ಗೆದ್ದಲು ತಿಂದಿತ್ತು. ಅದಾದ ಮೇಲೆ ಜನರು ಕೇಳುವ ಪ್ರಶ್ನೆಯೇ ಬದಲಾಯಿತು: ಮನೆ ಗಟ್ಟಿಯಾಗಿ ನಿಲ್ಲುತ್ತದೆಯೇ? 2000ದಲ್ಲಿ ಬಂದ ಕಾನೂನು, ಹೊಸ ಮನೆಯ ಮುಖ್ಯ ಭಾಗಗಳಿಗೆ ಕಟ್ಟಿದವರೇ 10 ವರ್ಷ ಹೊಣೆ ಎಂದಿತು. ಕಂಬ ಕುಗ್ಗಿ ಸಂದು ಸಡಿಲವಾದರೆ ಈಗ ಕಂಪನಿಯೇ ಉತ್ತರ ಹೇಳಬೇಕು. ಜೊತೆಗೆ, ಬಡಗಿ ಉಳಿಯಿಂದ ಕೊರೆಯುತ್ತಿದ್ದ ಸಂದುಗಳನ್ನು ಕಾರ್ಖಾನೆಯ ಯಂತ್ರಗಳು ಮೊದಲೇ ಕೊರೆದು ಕಳಿಸುವ ಪದ್ಧತಿ ಹಬ್ಬಿತು. ಕಣ್ಣಳತೆಯಿಂದ ಸರಿದೂಗಿಸುವುದು ಯಂತ್ರಕ್ಕೆ ಬರುವುದಿಲ್ಲ.

ಹಸಿ ಹೆಮ್ಲಾಕ್ ಹಿಂದೆ ಬಿತ್ತು. ಆ ಜಾಗಕ್ಕೆ ಫಿನ್ಲೆಂಡ್, ಸ್ವೀಡನ್, ಆಸ್ಟ್ರಿಯಾದ ಮರ ಬಂತು, ಅದೂ ಅರ್ಧ ಭೂಮಿ ಸುತ್ತಿ. ಅವರು ಕಳಿಸಿದ್ದು ತೆಳು ಹಲಗೆಗಳನ್ನು ಒಣಗಿಸಿ, ಅಂಟಿಸಿ ಮಾಡುವ ಕಂಬ. ದಪ್ಪ ಕಂಬ ಒಣಗಿಸುವುದು ಕಷ್ಟ. ಹೊರಗೆ ಒಣಗಿ ಕುಗ್ಗಲು ಹೊರಡುತ್ತದೆ, ಒಳಗಿನ ಹಸಿ ಬಿಡುವುದಿಲ್ಲ, ಮೈ ಸೀಳುತ್ತದೆ. ತೆಳು ಹಲಗೆಗೆ ಆ ಜಗಳ ಕಡಿಮೆ. ಕೆನಡಾದವರೂ ಆಮೇಲೆ ಬಿಸಿಗಾಳಿಯ ಕೋಣೆಗಳಲ್ಲಿ ಒಣಗಿಸುವುದಕ್ಕೆ ಹಣ ಹಾಕಿದರು.

ಕೆನಡಾಕ್ಕೆ ಇನ್ನೊಂದು ದಾರಿಯೂ ಇತ್ತು. ಕಂಬ ತೊಲೆಗಳ ಬದಲು ಸಣ್ಣ ಪಟ್ಟಿಗಳ ಚೌಕಟ್ಟಿಗೆ ಪ್ಲೈವುಡ್ ಹೊಡೆದು ಗೋಡೆಯನ್ನೇ ಆಧಾರ ಮಾಡುವ 'ಟೂ ಬೈ ಫೋರ್' ಮನೆಗಳು. 1974ರಲ್ಲಿ ಜಪಾನ್ ಅವುಗಳಿಗೆ ಸಾಮಾನ್ಯ ಅನುಮತಿ ಕೊಟ್ಟಿತು. ಹೆಸರಿನಲ್ಲಿ ಎರಡು, ನಾಲ್ಕು ಇಂಚು. ಒಣಗಿಸಿ ಹತ್ತರಿ ಹೊಡೆದ ಮೇಲೆ ನಿಜವಾದ ಅಳತೆ 38, 89 ಮಿಲಿಮೀಟರ್. ಪಟ್ಟಿಯ ಮೇಲಿನ ಮುದ್ರೆ ಇದನ್ನೂ ಹೇಳುತ್ತದೆ: ಇದರಲ್ಲಿ ನೀರು 19 ಶೇಕಡ ಮೀರಿಲ್ಲ. ಮರ ಕೊಳೆಸುವ ಬೂಷ್ಟಿಗೆ ಅಷ್ಟು ನೀರು ಸಾಲುವುದಿಲ್ಲ.

ಮರದಲ್ಲಿ ನೀರಷ್ಟೇ ಪ್ರಯಾಣ ಮಾಡುವುದಿಲ್ಲ, ಜೀವಿಗಳೂ ಮಾಡುತ್ತವೆ. ಉತ್ತರ ಅಮೆರಿಕದ ಪೈನ್ ಮರಗಳಲ್ಲಿ ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲದ ಒಂದು ಹುಳು ಇದೆ. ಅಲ್ಲಿನ ಪೈನ್‌ಗಳು ಅದರ ಜೊತೆ ಬದುಕುವುದನ್ನು ಕಲಿತಿವೆ. ಜಪಾನಿನ ಪೈನ್‌ಗಳು ಕಲಿತಿರಲಿಲ್ಲ. ನಾಗಸಾಕಿಯ ಸುತ್ತ ಪೈನ್‌ಗಳು ಒಣಗಿ ಸಾಯುತ್ತಿರುವುದನ್ನು 1905ರಲ್ಲಿ ದಾಖಲಿಸಿದರು. ಕಾರಣ ಈ ಹುಳು ಎಂದು ಗೊತ್ತಾಗಿದ್ದು 1971ರಲ್ಲಿ! ಅದು ಬಂದದ್ದು ಹೊರಗಿನ ಮರದ ಜೊತೆಗೇ ಇರಬೇಕು ಎನ್ನುತ್ತಾರೆ ತಿಳಿದವರು. ಕಡಲ ತೀರದ ಪೈನ್ ಸಾಲುಗಳನ್ನು ಜೀವದಂತೆ ಕಾಣುವ ನಾಡಿಗೆ ಅದೊಂದು ದೊಡ್ಡ ನಷ್ಟ. 1999ರಲ್ಲಿ ಅದೇ ಹುಳು ಪೋರ್ಚುಗಲ್‌ನಲ್ಲೂ ಸಿಕ್ಕಿತು.

ಇದಕ್ಕೆ ಪರಿಹಾರ ಬಿಸಿ. ಮರದ ನಡುಭಾಗವೂ 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಹಾಗೇ ಇದ್ದರೆ ಹುಳು ಸಾಯುತ್ತದೆ. ಸರಕು ತುಂಬುವ ಮರದ ಪೆಟ್ಟಿಗೆ, ಸರಕು ಪೇರಿಸುವ ಹಲಗೆಯ ಅಡಿಕಟ್ಟುಗಳಾದ ಪ್ಯಾಲೆಟ್‌ಗಳಿಗೂ 2002ರಿಂದ ಇದೇ ಅಂತರರಾಷ್ಟ್ರೀಯ ನಿಯಮವಿದೆ. ಬೆಂಗಳೂರಿನ ಯಾವುದೇ ಗೋಡೌನಿನ ಮುಂದೆ ಬಿದ್ದಿರುವ ವಿದೇಶದ ಪ್ಯಾಲೆಟ್ಟೊಂದರ ಪಕ್ಕ ಬಗ್ಗಿ ನೋಡಿ. ಸುಟ್ಟು ಒತ್ತಿದಂಥ ಒಂದು ಗೋಧಿ ತೆನೆಯ ಗುರುತು, ದೇಶದ ಎರಡಕ್ಷರ, ಪಕ್ಕದಲ್ಲಿ ಹೆಚ್ಚಾಗಿ 'ಎಚ್‌ಟಿ' (ಹೀಟ್ ಟ್ರೀಟ್‌ಮೆಂಟ್) ಎಂದು ಇರುತ್ತದೆ. ಆ ಅರ್ಧ ಗಂಟೆಯ ಬಿಸಿಯ ಗುರುತು ಅದು.