ಡೆಂಗಿ ಜ್ವರದಲ್ಲಿ ಕೊಲೆಸ್ಟ್ರಾಲ್ ಇಳಿದರೆ ಖುಷಿಪಡಬೇಡಿ

ಮಳೆಗಾಲ ಬಂತು ಅಂದ್ರೆ ಲ್ಯಾಬುಗಳಲ್ಲಿ ಫೀವರ್ ಪ್ಯಾಕೇಜ್ ಶುರು. ಡೆಂಗಿ ಹಿಡಿಯುವ ಎನ್‌ಎಸ್‌1 ಟೆಸ್ಟ್, ಪ್ಲೇಟ್‌ಲೆಟ್ ಸರಿ, ಬೇಕು. ಕೆಲವು ಕಡೆ ಅದರ ಜೊತೆ ಲಿಪಿಡ್ ಪ್ರೊಫೈಲನ್ನೂ (ಕೊಲೆಸ್ಟ್ರಾಲ್ ಟೆಸ್ಟ್) ಯಾಕೆ ತುರುಕುತ್ತಾರೋ! ಹೋದ ಮಳೆಗಾಲ ಒಬ್ಬರು ಬಂದಿದ್ದರು, ಸ್ಟೆಂಟ್ ಹಾಕಿಸಿಕೊಂಡವರು. ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟ್ರಾಲ್, 58 ಅಂತ ಇದ್ದ ಜಾಗಕ್ಕೆ ಹಸಿರು ಪೆನ್ನಿನಲ್ಲಿ ಸುತ್ತು ಹಾಕಿದ್ದರು. "ನೋಡಿ ಸಾರ್, ಎಷ್ಟು ಚೆನ್ನಾಗಿದೆ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಸಿಬಿಟ್ಟೆ." ಪಕ್ಕದಲ್ಲಿ ಅವರ ಮನೆಯವರು, "ನಾನು ಬೇಡ ಅಂದೆ ಸಾರ್, ಕೇಳಲಿಲ್ಲ" ಅಂತ.

ಸ್ವಾಮೀ, ಆ 58 ಡೆಂಗಿ ಕೊಟ್ಟ ನಂಬರು. ಡೆಂಗಿಯಲ್ಲಿ ಎಲ್‌ಡಿಎಲ್ ಇಳಿಯುತ್ತದೆ, 'ಒಳ್ಳೆಯದು' ಅನ್ನುವ ಎಚ್‌ಡಿಎಲ್ ಕೂಡ ಸಾಮಾನ್ಯವಾಗಿ ಇಳಿಯುತ್ತದೆ. ಕಾಯಿಲೆ ಜೋರಾದವರಲ್ಲಿ ಇನ್ನೂ ಜಾಸ್ತಿ. ಲಿವರ್‌ಗೆ ಪೆಟ್ಟು ಬಿದ್ದಿರುತ್ತದೆ, ರಕ್ತನಾಳ ಸೋರುತ್ತಿರುತ್ತದೆ, ಊಟ ಸೇರುವುದಿಲ್ಲ, ಉರಿಯೂತ ಬೇರೆ. ಅಂದರೆ ಇಳಿದಿರುವುದು ಕಾಯಿಲೆಯ ಗುರುತು, ಆರೋಗ್ಯದ್ದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮರುದಿನ ಇನ್ನೊಬ್ಬರು ಅದೇ ಖುಷಿಯಲ್ಲಿ ಬರುತ್ತಾರೆ.

ಇನ್ನೂ ಒಂದು ಸಂಗತಿ ಇದೆ, ನನಗೆ ಬಹಳ ಇಷ್ಟವಾದದ್ದು. ಟೆಸ್ಟಲ್ಲಿ ಹುಡುಕುವ ಆ ಎನ್‌ಎಸ್‌1 ಇದೆಯಲ್ಲ, ಅದು ವೈರಸ್ ಸೇರಿದ ಜೀವಕೋಶಗಳು ರಕ್ತಕ್ಕೆ ಬಿಡುವ ಪ್ರೋಟೀನ್. ಆರು ಸೇರಿ ಪೀಪಾಯಿ ಥರ ನಿಲ್ಲುತ್ತವೆ, ನಡುವೆ ಕೊಬ್ಬು. ಹೆಚ್ಚುಕಡಿಮೆ ಎಚ್‌ಡಿಎಲ್‌ನ ವೇಷವೇ. ರಕ್ತದಲ್ಲಿ ಹೋಗಿ ಎಚ್‌ಡಿಎಲ್‌ಗೇ ಅಂಟಿಕೊಳ್ಳುತ್ತದೆ. ಎಚ್‌ಡಿಎಲ್ ಮಾಮೂಲಿಯಾಗಿ ಉರಿಯೂತ ತಣಿಸುವ ಕಣ. ಎನ್‌ಎಸ್‌1 ಅಂಟಿದ ಮೇಲೆ ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತದೆ ಅಂತ ಲ್ಯಾಬ್ ಪ್ರಯೋಗಗಳಲ್ಲಿ ಕಂಡಿದೆ. ರೋಗಿಯ ಮೈಯಲ್ಲಿ ಇದರ ಪಾತ್ರ ಎಷ್ಟು ಅಂತ ಅಳೆದು ಹೇಳುವ ಹಾಗಿಲ್ಲ.

"ಹಾಗಾದ್ರೆ ಕೊಲೆಸ್ಟ್ರಾಲ್ ಮಾತ್ರೆಯೇ ಡೆಂಗಿಗೂ ಔಷಧಿ ಆಗಬಹುದಲ್ವಾ?" ಅಂತ ಬುದ್ಧಿವಂತರು ಕೇಳುತ್ತಾರೆ. ಪ್ರಶ್ನೆ ಸರಿಯೇ, ವೈರಸ್ ಬೆಳೆಯಲು ಕೊಲೆಸ್ಟ್ರಾಲ್ ಬೇಕು. ವಿಯೆಟ್ನಾಂನಲ್ಲಿ ಡೆಂಗಿ ಆದ ದೊಡ್ಡವರಿಗೆ ಲೊವಾಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟು ನೋಡಿದರು. ತೊಂದರೆ ಆಗಲಿಲ್ಲ, ಪ್ರಯೋಜನವೂ ಕಾಣಲಿಲ್ಲ.

ಆದ್ದರಿಂದ ಲಿಪಿಡ್ ಟೆಸ್ಟನ್ನು ಗುಣವಾಗಿ ಎರಡು ತಿಂಗಳಾದ ಮೇಲೆ ಮಾಡಿಸಿ. ಜ್ವರದ ವಾರ, ಅದರಲ್ಲೂ ಜ್ವರ ಬಿಟ್ಟ ಮೊದಲ ಎರಡು ದಿನ, ನಮಗೆ ಬೇಕಾದ್ದು ಹೆಮಟೋಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನೋದು), ಪ್ಲೇಟ್‌ಲೆಟ್, ಬಿಪಿ, ಮೂತ್ರ ಎಷ್ಟು ಹೋಯಿತು ಅನ್ನೋದು. ಲಿವರ್ ಎನ್‌ಜೈಮ್ ತೀರಾ ಏರಿದ್ದರೆ ಸ್ಟಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಕೆಲವು ದಿನ ನಿಲ್ಲಿಸಲು ನಾವೇ ಹೇಳಬಹುದು. ಸ್ಟೆಂಟ್ ಇರುವವರ ಆಸ್ಪಿರಿನ್ ವಿಚಾರ ಅದಕ್ಕಿಂತ ನಾಜೂಕು: ಒಂದು ಕಡೆ ರಕ್ತಸ್ರಾವದ ಭಯ, ಇನ್ನೊಂದು ಕಡೆ ಸ್ಟೆಂಟ್ ಕಟ್ಟಿಕೊಳ್ಳುವ ಭಯ. ಫೋನ್ ಮಾಡಿ ಕೇಳಿ, ರಾತ್ರಿಯಾದರೂ ಪರವಾಗಿಲ್ಲ.