ಕಣ್ಣಿಗೆ ಸುಣ್ಣ

‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಅಂತೀವಲ್ಲ, ಆ ಗಾದೆ ಕಟ್ಟಿದವರು ಸುಣ್ಣ ಬಿದ್ದ ಕಣ್ಣನ್ನು ಹತ್ತಿರದಿಂದ ನೋಡಿರಬೇಕು.

ಆಸಿಡ್ ಅಂದರೆ ನಮಗೆ ಭಯ. ಟಾಯ್ಲೆಟ್ ತೊಳೆಯುವ ಬಾಟಲಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಮಕ್ಕಳ ಕೈಗೆ ಸಿಗದ ಹಾಗೆ ಇಡುತ್ತೇವೆ. ಎಲೆಅಡಿಕೆ ತಟ್ಟೆಯ ಸುಣ್ಣ ಮಾತ್ರ ಸುಮ್ನೆ ನೆಲದ ಮೇಲೇ ಇರುತ್ತದೆ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಕರಾವಳಿಯಲ್ಲಾದರೆ ಚಿಪ್ಪು ಸುಡುವುದೂ ಉಂಟು. ಆ ಸುಟ್ಟ ಸುಣ್ಣಕ್ಕೆ ನೀರು ಹೊಯ್ದರೆ ಬುಸ್ಸೆಂದು ಹಬೆ ಏಳುತ್ತದೆ, ಕೊತಕೊತ ಕುದಿಯುತ್ತದೆ. ಕೆಳಗೆ ಒಲೆಯೇ ಇಲ್ಲ! ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವ ಮುಂಚೆ ಇದನ್ನು ನೋಡಿದವರು ಮರೆಯುವುದಿಲ್ಲ. ಹೀಗೆ ಅರಳಿದ ಸುಣ್ಣವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಆಮ್ಲಕ್ಕೆ ತದ್ವಿರುದ್ಧವಾದ ಪ್ರಬಲ ಕ್ಷಾರ.

ಆರತಿ ತಟ್ಟೆಯಲ್ಲಿ ಇದರ ಗುಣ ಕಾಣುತ್ತದೆ. ಅರಿಸಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪು. ಸಾಕಷ್ಟು ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆಮ್ಲ, ಕ್ಷಾರ ಎಷ್ಟಿದೆ ಅಂತ ಅಳೆಯುವ ಪಿಎಚ್ ಲೆಕ್ಕದಲ್ಲಿ ಶುದ್ಧ ನೀರು 7, ಸುಣ್ಣದ ತಿಳಿನೀರು ಸುಮಾರು 12.4. ಒಂದೊಂದು ಅಂಕ ಏರಿದಾಗಲೂ ಕ್ಷಾರ ಹತ್ತು ಪಟ್ಟು ಜಾಸ್ತಿ.

ಆಮ್ಲ ಕಣ್ಣಿಗೆ ಬಿದ್ದರೆ ಮೇಲ್ಪದರದ ಪ್ರೋಟೀನು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಎಷ್ಟೋ ಸಲ ಆ ಪದರವೇ ಆಮ್ಲವನ್ನು ಸ್ವಲ್ಪ ತಡೆಯುತ್ತದೆ. ಕ್ಷಾರಕ್ಕೆ ಅಂಥ ಅಡ್ಡಿ ಇಲ್ಲ. ಜೀವಕೋಶದ ಕೊಬ್ಬನ್ನು ಸೋಪು ಮಾಡಿ ಕರಗಿಸುತ್ತಾ ಒಳಗಿಳಿಯುತ್ತದೆ. ಸುಣ್ಣದ ಇನ್ನೊಂದು ತೊಂದರೆ, ಅದು ನೀರಲ್ಲಿ ಬೇಗ ಕರಗುವುದಿಲ್ಲ. ಒಂದು ಲೀಟರ್ ನೀರಿಗೆ 2 ಗ್ರಾಂ ಕೂಡ ಕರಗದು. ರೆಪ್ಪೆಯ ಅಡಿ ಸಿಕ್ಕಿಕೊಂಡ ಚೂರು ಅಲ್ಲೇ ಕೂತು, ಕಣ್ಣೀರಲ್ಲಿ ಇಷ್ಟಿಷ್ಟೇ ಕರಗುತ್ತಾ ಸುಡುತ್ತಲೇ ಇರುತ್ತದೆ.

ಬೀಡಾ ಅಂಗಡಿಯ ಪುಟ್ಟ ಪ್ಲಾಸ್ಟಿಕ್ ಸುಣ್ಣದ ಪೊಟ್ಟಣ ಮಕ್ಕಳಿಗೆ ಆಟದ ಸಾಮಾನಿನಂತೆ ಕಾಣುತ್ತದೆ. ಹಿಸುಕಿದರೆ ಒಡೆದು ನೇರ ಮುಖಕ್ಕೇ ಚಿಮ್ಮುತ್ತದೆ. ನಮ್ಮ ದೇಶದ ಕಣ್ಣಿನ ಡಾಕ್ಟರುಗಳು ಇಂಥ ಮಕ್ಕಳನ್ನು ಮತ್ತೆ ಮತ್ತೆ ನೋಡುತ್ತಾರೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಬೆಳ್ಳಗಾಗಿ ದೃಷ್ಟಿಯೇ ಹೋಗಬಹುದು.

ಕಣ್ಣಿಗೆ ಸುಣ್ಣ ಬಿದ್ದರೆ ತಕ್ಷಣ ನಲ್ಲಿ ತಿರುಗಿಸಿ. ಕಣ್ಣು ಉಜ್ಜಬೇಡಿ, ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆಯಾದರೂ ನೀರು ಹರಿಸಿ. ಆರತಿ ತಟ್ಟೆಯಲ್ಲಿ ಬಣ್ಣ ಬದಲಿಸಿತು ಅಂತ ನಿಂಬೆರಸ ಹಿಂಡಬೇಡಿ. ತುಪ್ಪವೂ ಬೇಡ. ಉರಿ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು. ಮೇಲ್ರೆಪ್ಪೆಯನ್ನು ಮಗುಚಿ, ಅಡಿಯಲ್ಲಿ ಅಂಟಿದ ಚೂರುಗಳನ್ನು ಡಾಕ್ಟರೇ ತೆಗೆಯಬೇಕು.