ಪದ ಪರಿಚಯ: ಮೈಕ್ರೋಆರ್‌ಎನ್‌ಎ ಮತ್ತು ಕ್ಯಾನ್ಸರಿನ ವಲಸೆ

ಕ್ಯಾನ್ಸರ್ ವಿಭಾಗದ ಹೊರಗೆ ಕಾದು ಕುಳಿತವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಗಡ್ಡೆ ಎಷ್ಟು ದೊಡ್ಡದಿದೆ? ಹರಡಿದೆಯಾ? ಎರಡನೆಯದನ್ನು ಕೇಳುವಾಗ ದನಿ ತಗ್ಗುತ್ತದೆ. ಆ ಭಯಕ್ಕೆ ಕಾರಣವಿದೆ. ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಮೊದಲು ಕಾಣಿಸಿಕೊಂಡ ಗಡ್ಡೆಗಿಂತ, ಅಲ್ಲಿಂದ ಹೊರಟು ಶ್ವಾಸಕೋಶ, ಯಕೃತ್ತು, ಮೂಳೆ ಅಥವಾ ಮಿದುಳಿನಲ್ಲಿ ನೆಲೆಯೂರಿದ ಜೀವಕೋಶಗಳೇ ಕಾರಣ. ವೈದ್ಯಕೀಯದಲ್ಲಿ ಇದಕ್ಕೆ ಮೆಟಾಸ್ಟಾಸಿಸ್ ಎಂದು ಹೆಸರು. ಆಸ್ಪತ್ರೆಯ ಮಾತಿನಲ್ಲಿ ‘ಸ್ಪ್ರೆಡ್ ಆಗಿದೆ’, ‘ಸೆಕೆಂಡರೀಸ್ ಇದೆ’.

ಗಡ್ಡೆ ಬೆಳೆಯುವುದು ಒಂದು ಕೆಲಸ, ಹರಡುವುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸವನ್ನು ತಡೆಯುವುದರಲ್ಲೂ ಕೆಲವೊಮ್ಮೆ ಮುಂದಕ್ಕೆ ದೂಡುವುದರಲ್ಲೂ ಪಾತ್ರ ವಹಿಸುವ ಒಂದು ಪುಟ್ಟ ಅಣುವಿನ ಹೆಸರು ಮೈಕ್ರೋಆರ್‌ಎನ್‌ಎ.

ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಡಿಎನ್‌ಎ ಇದೆ. ಅದರಲ್ಲಿರುವ ಒಂದು ಜೀನ್‌ನ ನಕಲಾಗಿ ಸಂದೇಶವಾಹಕ ಆರ್‌ಎನ್‌ಎ ಹೊರಬರುತ್ತದೆ, ಅದನ್ನು ಓದಿ ಜೀವಕೋಶ ಪ್ರೋಟೀನ್ ತಯಾರಿಸುತ್ತದೆ. ಇಷ್ಟು ಪಿಯುಸಿ ಪುಸ್ತಕದಲ್ಲೇ ಇದೆ. ಮೈಕ್ರೋಆರ್‌ಎನ್‌ಎ ಬರುವುದು ಈ ಓದಿನ ಹಂತದಲ್ಲಿ. ಸಂದೇಶವಾಹಕ ಆರ್‌ಎನ್‌ಎಯ ಉದ್ದ ಸಾವಿರಾರು ಅಕ್ಷರ (ಆ ಸರಪಳಿಯ ಒಂದೊಂದು ಕೊಂಡಿಯೂ ಒಂದು ಅಕ್ಷರ). ಮೈಕ್ರೋಆರ್‌ಎನ್‌ಎಯದು ಸುಮಾರು 22 ಅಕ್ಷರ ಮಾತ್ರ. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಆರ್ಗೋನಾಟ್ ಎಂಬ ಪ್ರೋಟೀನಿನ ಒಳಗೆ ಕುಳಿತು, ತನಗೆ ಹೊಂದುವ ಅಕ್ಷರಗಳಿರುವ ಸಂದೇಶವನ್ನು ಹುಡುಕಿ, ಸಾಮಾನ್ಯವಾಗಿ ಅದರ ಬಾಲದ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಸಂದೇಶದ ಓದು ಕುಂಠಿತವಾಗುತ್ತದೆ, ಅಥವಾ ಸಂದೇಶವೇ ಚೂರಾಗುತ್ತದೆ. ಕೆರೆಯ ತೂಬನ್ನು ಒಂದಿಷ್ಟು ಇಳಿಸಿದ ಹಾಗೆ: ನೀರು ಪೂರ್ತಿ ನಿಲ್ಲದಿದ್ದರೂ ಕಾಲುವೆಯಲ್ಲಿ ಹರಿವು ತಗ್ಗುತ್ತದೆ.

ಇದರ ಶಕ್ತಿ ಇರುವುದು ಸಡಿಲ ಹೊಂದಾಣಿಕೆಯಲ್ಲಿ. 22 ಅಕ್ಷರಗಳೂ ಕೂಡಬೇಕೆಂದಿಲ್ಲ. ತುದಿಯ ಆರರಿಂದ ಎಂಟು ಅಕ್ಷರಗಳು ಕೂಡಿದರೆ ಸಾಕು. ಇದನ್ನು ಬೀಜಭಾಗ ಎನ್ನುತ್ತಾರೆ. ಹಾಗಾಗಿ ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಬಗೆಯ ಸಂದೇಶಗಳ ಮೇಲೆ ಕೈಯಿಡಬಲ್ಲದು.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ಸೂಕ್ಷ್ಮ ಆರ್‌ಎನ್‌ಎ’ ಎಂದು ಬರೆಯುವವರಿದ್ದಾರೆ. ಅದನ್ನು ಓದಿದೊಡನೆ ಸೂಕ್ಷ್ಮಾಣು ನೆನಪಾಗಿ ರೋಗಾಣುವಿನ ಕಡೆ ಮನಸ್ಸು ಹೋಗುತ್ತದೆ. ‘ಕಿರು ಆರ್‌ಎನ್‌ಎ’ ಕಿವಿಗೆ ಚೆನ್ನಾಗಿದೆ, ಆದರೆ ಕಿರು ಆರ್‌ಎನ್‌ಎಗಳಲ್ಲಿ ಬೇರೆ ಜಾತಿಗಳೂ ಇವೆ; ಮೈಕ್ರೋ ಅವುಗಳಲ್ಲಿ ಒಂದು. ಆದ್ದರಿಂದ ಮೈಕ್ರೋಆರ್‌ಎನ್‌ಎ ಎಂದೇ ಉಳಿಸಿಕೊಳ್ಳುವುದು ಸರಿ ಎಂದು ನನಗನಿಸುತ್ತದೆ. ಒಂದೊಂದನ್ನೂ ‘ಮಿರ್’ ಎಂಬ ಚುಟುಕು ಹೆಸರಿನ ಮುಂದೆ ಸಂಖ್ಯೆ ಹಾಕಿ ಕರೆಯುತ್ತಾರೆ: ಮಿರ್-21, ಮಿರ್-335. ಸಂಖ್ಯೆ ಸಾಮಾನ್ಯವಾಗಿ ಪತ್ತೆಯಾದ ಕ್ರಮದ್ದು. ತೀರ ಹತ್ತಿರದ ಒಡಹುಟ್ಟುಗಳಿಗೆ ಅಕ್ಷರ ಸೇರುತ್ತದೆ: ಮಿರ್-200ಎ, ಮಿರ್-200ಬಿ.

ಮೊದಲು ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ಪ್ರಯೋಗಾಲಯಗಳು ಸಿ. ಎಲೆಗನ್ಸ್ ಎಂಬ ಆ ಹುಳುವಿನ ಲಿನ್-4 ಜೀನ್ ಪ್ರೋಟೀನ್ ಕೊಡದೆ ಬರೀ ಕಿರು ಆರ್‌ಎನ್‌ಎ ಕೊಡುತ್ತದೆ, ಅದು ಇನ್ನೊಂದು ಜೀನ್‌ನ ಸಂದೇಶವನ್ನು ಅದುಮಿಡುತ್ತದೆ ಎಂದು ತೋರಿಸಿದವು. ಇದು ಆ ಹುಳುವಿನದೇ ವಿಚಿತ್ರ ಎಂದುಕೊಂಡು ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ಲೆಟ್-7 ಎಂಬ ಎರಡನೆಯದು ಸಿಕ್ಕಿ, ಅದು ಮನುಷ್ಯರಲ್ಲೂ ಇದೆ ಎಂದು ತಿಳಿದ ಮೇಲೆ ಎಲ್ಲರೂ ಎದ್ದು ಕುಳಿತರು. ಆಂಬ್ರೋಸ್ ಮತ್ತು ರವ್ಕುನ್ ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ.

ಕ್ಯಾನ್ಸರಿನ ನಂಟು 2002ರಲ್ಲೇ ಬಯಲಾಗಿತ್ತು. ಕಾರ್ಲೊ ಕ್ರೋಚೆ ಅವರ ತಂಡ ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ಪದೇಪದೇ ಕಳೆದುಹೋಗುವ 13ನೇ ಕ್ರೋಮೋಸೋಮಿನ ತುಂಡನ್ನು ಜಾಲಾಡಿದಾಗ, ಅಲ್ಲಿ ಸಿಕ್ಕಿದ್ದು ಮಿರ್-15 ಮತ್ತು ಮಿರ್-16. ಅದು ಗಡ್ಡೆ ಹುಟ್ಟುವ, ಬೆಳೆಯುವ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2013ರಲ್ಲಿ ಬಾಯಿ ಕ್ಯಾನ್ಸರಿನಲ್ಲಿ ಮಿರ್-155 ಒಂದು ಕಾವಲು ಜೀನನ್ನು ತಗ್ಗಿಸುತ್ತದೆ ಎಂದು ತೋರಿಸಿದ್ದೂ ಆ ಸಾಲಿನದೇ. ಹರಡುವ ಕಥೆ ಬೇರೆ.

ಅದನ್ನು ಭತ್ತದ ನಾಟಿ ಕಂಡವರಿಗೆ ಹೇಳುವುದು ಸುಲಭ. ಒಟ್ಲು ಪಾತಿಯಲ್ಲಿ ಪೈರು ಒತ್ತೊತ್ತಾಗಿ, ಬೇರಿಗೆ ಬೇರು ಹೆಣೆದುಕೊಂಡು ನಿಂತಿರುತ್ತದೆ. ಅದನ್ನು ಬಿಡಿಸಿ ಕೀಳಬೇಕು, ಹೊತ್ತು ಸಾಗಿಸಬೇಕು, ಹೊಸ ಗದ್ದೆಯಲ್ಲಿ ಊರಬೇಕು, ಅಲ್ಲಿ ಅದು ಮತ್ತೆ ಬೇರು ಬಿಡಬೇಕು. ಸ್ತನದ ಗಡ್ಡೆಯ ಒಂದು ಜೀವಕೋಶ ಶ್ವಾಸಕೋಶದಲ್ಲಿ ಬೆಳೆಯಬೇಕಾದರೂ ಇಷ್ಟೂ ನಡೆಯಬೇಕು: ನೆರೆಯ ಕೋಶಗಳ ಹಿಡಿತ ಬಿಡಿಸಿಕೊಳ್ಳಬೇಕು, ತೆವಳಿ ರಕ್ತನಾಳ ಹೊಕ್ಕಬೇಕು, ಹರಿವಿನಲ್ಲಿ ಸಾಯದೆ ಉಳಿಯಬೇಕು, ಹೊರಬಂದು ಹೊಸ ಅಂಗದಲ್ಲಿ ನೆಲೆ ಹಿಡಿಯಬೇಕು. ಹೊರಟ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ.

2007ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ತಂಡದ ಲಿ ಮಾ ಮತ್ತು ಸಂಗಡಿಗರು ಮಿರ್-10ಬಿ ಬಗ್ಗೆ ವರದಿ ಮಾಡಿದರು. ಭ್ರೂಣದಲ್ಲಿ ಜೀವಕೋಶಗಳನ್ನು ಜಾಗ ಬದಲಿಸುವಂತೆ ಮಾಡುವ ಟ್ವಿಸ್ಟ್ ಎಂಬ ಪ್ರೋಟೀನ್ ಸ್ತನ ಕ್ಯಾನ್ಸರಿನಲ್ಲಿ ಮತ್ತೆ ಎಚ್ಚರಗೊಂಡು ಮಿರ್-10ಬಿಯನ್ನು ಹೆಚ್ಚಿಸುತ್ತದೆ. ಮಿರ್-10ಬಿ ಹಾಕ್ಸ್-ಡಿ10 ಎಂಬ ಇನ್ನೊಂದು ಪ್ರೋಟೀನನ್ನು ಅದುಮುತ್ತದೆ. ಹಾಕ್ಸ್-ಡಿ10 ತಗ್ಗಿದಾಗ, ಅದು ಹಿಡಿದಿಟ್ಟಿದ್ದ ರೋ-ಸಿ ಹೆಚ್ಚುತ್ತದೆ. ರೋ-ಸಿ ಜೀವಕೋಶಕ್ಕೆ ತೆವಳುವ ಶಕ್ತಿ ಕೊಡುವ ಪ್ರೋಟೀನ್. ತಡೆಗೇ ತಡೆ ಬಿದ್ದಾಗ ದಾರಿ ತೆರೆಯಿತು. ಹರಡುವ ಗುಣವಿಲ್ಲದ ಗಡ್ಡೆ ಕೋಶಗಳಿಗೆ ಮಿರ್-10ಬಿ ಸೇರಿಸಿ ಇಲಿಯಲ್ಲಿಟ್ಟಾಗ ಅವು ಹರಡಿದವು.

ನನ್ನನ್ನು ಹೆಚ್ಚು ಕಾಡಿದ್ದು ಇದನ್ನೇ ಮುಂದುವರಿಸಿ 2010ರಲ್ಲಿ ಪ್ರಕಟವಾದ ಪ್ರಯೋಗ. ಇಲಿಗಳಿಗೆ ಮಿರ್-10ಬಿಯನ್ನು ಕಟ್ಟಿಹಾಕುವ ಅಣುವನ್ನು ಚುಚ್ಚಿದರು. ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು. ಮೂಲ ಗಡ್ಡೆ ಮಾತ್ರ ಕುಗ್ಗಲಿಲ್ಲ. ಬೆಳೆಯುವುದು ಮತ್ತು ಹರಡುವುದು ಬೇರೆಬೇರೆ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಗೊತ್ತಿಲ್ಲ. ಗಡ್ಡೆಯ ಗಾತ್ರವನ್ನಷ್ಟೇ ಅಳೆದು ಔಷಧಿಯನ್ನು ತೂಗಿದ್ದರೆ ಇದನ್ನು ಕೆಲಸಕ್ಕೆ ಬಾರದ್ದೆಂದು ಬದಿಗಿಡುತ್ತಿದ್ದರು.

ತಡೆಯುವ ಕೈಗಳೂ ಇವೆ. 2008ರಲ್ಲಿ ನ್ಯೂಯಾರ್ಕಿನಲ್ಲಿ ಜೋನ್ ಮಸಾಗೆ ಅವರ ತಂಡ, ಶ್ವಾಸಕೋಶಕ್ಕೂ ಮೂಳೆಗೂ ಹರಡುವ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಮಿರ್-335 ಮತ್ತು ಮಿರ್-126 ಬತ್ತಿಹೋಗಿರುವುದನ್ನು ಕಂಡಿತು. ಅವನ್ನು ಮರಳಿ ತುಂಬಿದಾಗ ಇಲಿಗಳಲ್ಲಿ ಹರಡುವಿಕೆ ತಗ್ಗಿತು.

ಹಾಗಾದರೆ ಮಿರ್-10ಬಿ ಕೆಟ್ಟದ್ದು, ಮಿರ್-335 ಒಳ್ಳೆಯದು ಎಂದು ಪಟ್ಟಿ ಮಾಡಿಬಿಡಬಹುದೇ? ಮಿರ್-200 ಕುಟುಂಬ ಅದಕ್ಕೆ ಬಿಡುವುದಿಲ್ಲ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವುದು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್. ಜೆಬ್1, ಜೆಬ್2 ಎಂಬೆರಡು ಪ್ರೋಟೀನುಗಳು ಅದರ ತಯಾರಿಕೆಯನ್ನು ನಿಲ್ಲಿಸಬಲ್ಲವು. ಮಿರ್-200 ಈ ಎರಡನ್ನೂ ಅದುಮಿಟ್ಟು ಅಂಟನ್ನು ಕಾಪಾಡುತ್ತದೆ. ಜೆಬ್ ಕೂಡ ಸುಮ್ಮನಿರದೆ ಮಿರ್-200 ತಯಾರಾಗುವುದನ್ನೇ ತಡೆಯುತ್ತದೆ. ಇಬ್ಬರಲ್ಲಿ ಯಾರ ಕೈ ಮೇಲಾದರೂ ಅದು ಇನ್ನಷ್ಟು ಮೇಲಾಗುತ್ತಾ ಹೋಗುತ್ತದೆ. ಮಿರ್-200 ಸೋತರೆ ಕೋಶ ಸಡಿಲಗೊಂಡು ಹೊರಡುತ್ತದೆ. ಇಲ್ಲಿಯವರೆಗೆ ಅದು ಕಾವಲುಗಾರನೇ.

ಆದರೆ ಕಿತ್ತ ಪೈರು ಹೊಸ ಗದ್ದೆಯಲ್ಲಿ ಬೇರು ಬಿಡಬೇಕಲ್ಲ? ಹೊಸ ಅಂಗ ತಲುಪಿದ ಕ್ಯಾನ್ಸರ್ ಕೋಶ ಅಲೆಮಾರಿಯಾಗಿಯೇ ಉಳಿದರೆ ಗಡ್ಡೆಯಾಗುವುದು ಕಷ್ಟ. ಮತ್ತೆ ಅಂಟಿಕೊಂಡು ಗುಂಪುಗೂಡಬೇಕು. ಅಲ್ಲಿ ಮಿರ್-200 ಇರುವುದೇ ಅದಕ್ಕೆ ಅನುಕೂಲ. 2011ರಲ್ಲಿ ಪ್ರಿನ್ಸ್‌ಟನ್‌ನ ಯಿಬಿನ್ ಕಾಂಗ್ ಅವರ ತಂಡ, ಮಿರ್-200 ಹೆಚ್ಚಿರುವ ಸ್ತನ ಕ್ಯಾನ್ಸರ್ ಕೋಶಗಳು ಇಲಿಯ ಶ್ವಾಸಕೋಶದಲ್ಲಿ ಹೆಚ್ಚು ಸುಲಭವಾಗಿ ನೆಲೆಯೂರುವುದನ್ನು ತೋರಿಸಿತು. ಮನೆಯಿಂದ ಹೊರಡುವಾಗ ತಡೆದ ಅದೇ ಅಣು ಊರು ಸೇರಿದ ಮೇಲೆ ನೆಲೆ ಹಿಡಿಯಲು ನೆರವಾಗುತ್ತದೆ. ‘ಈ ಅಣುವನ್ನು ಕೊಟ್ಟರೆ ಕ್ಯಾನ್ಸರ್ ಹರಡದು’ ಎಂಬ ಸುದ್ದಿ ಓದಿದಾಗ, ಯಾವ ಹಂತದಲ್ಲಿ ಎಂದು ಕೇಳಿಕೊಳ್ಳಲೇಬೇಕು.

ಇನ್ನೂ ಒಂದು ದಾರಿಯಿದೆ. ಕ್ಯಾನ್ಸರ್ ಕೋಶಗಳು ಎಕ್ಸೋಸೋಮ್ ಎಂಬ ಪುಟ್ಟ ಕೊಬ್ಬಿನ ಚೀಲಗಳಲ್ಲಿ ಮೈಕ್ರೋಆರ್‌ಎನ್‌ಎ ತುಂಬಿ ಹೊರಗೆ ಕಳಿಸುತ್ತವೆ. ಸ್ತನ ಕ್ಯಾನ್ಸರ್ ಕೋಶಗಳು ಕಳಿಸುವ ಮಿರ್-105 ರಕ್ತನಾಳದ ಒಳಪದರದ ಕೋಶಗಳನ್ನು ಹೊಕ್ಕು, ಅವನ್ನು ಬಿಗಿಯಾಗಿ ಹೊಲಿದಿಟ್ಟಿರುವ ಜ಼ಡ್‌ಒ-1 ಪ್ರೋಟೀನನ್ನು ತಗ್ಗಿಸುತ್ತದೆ ಎಂದು 2014ರಲ್ಲಿ ತಿಳಿಯಿತು. ನಾಳದ ಗೋಡೆ ಸೋರತೊಡಗುತ್ತದೆ.

ಔಷಧಿಯ ವಿಷಯದಲ್ಲಿ ಆಸೆ ಹುಟ್ಟಿಸುವುದಕ್ಕಿಂತ ನಿಜ ಹೇಳುವುದು ಒಳ್ಳೆಯದು. ಮಿರ್-34ರ ನಕಲನ್ನು ಕೊಬ್ಬಿನ ಕಣಗಳಲ್ಲಿಟ್ಟು ಕೊಡುವ ಎಂಆರ್‌ಎಕ್ಸ್34 ಎಂಬ ಔಷಧಿಯ ಪರೀಕ್ಷೆ 2013ರಲ್ಲಿ ರೋಗಿಗಳಲ್ಲಿ ಶುರುವಾಯಿತು. ಕೆಲವರ ಗಡ್ಡೆ ಕುಗ್ಗಿತು. ಆದರೆ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿ ನಾಲ್ವರು ತೀರಿಕೊಂಡರು. 2016ರಲ್ಲಿ ಪರೀಕ್ಷೆ ನಿಂತಿತು. ನೂರಾರು ಸಂದೇಶಗಳನ್ನು ಮುಟ್ಟುವ ಅಣುವನ್ನು ಬೇಕಾದ ಕೋಶಕ್ಕೆ ಮಾತ್ರ ತಲುಪಿಸುವುದು ಈಗಲೂ ಬಿಡಿಸಬೇಕಾದ ಗಂಟು.

ರೋಗಪತ್ತೆಯ ಕಡೆ ಕೆಲಸ ಹೆಚ್ಚು ಸಾಗಿದೆ. ಕೆಲವು ರೋಗಿಗಳಲ್ಲಿ ಯಕೃತ್ತಿನಲ್ಲೋ ಮೂಳೆಯಲ್ಲೋ ಹರಡಿದ ಗಡ್ಡೆ ಕಾಣುತ್ತದೆ, ಅದು ಹೊರಟ ಮೂಲ ಎಲ್ಲಿ ಎಂದು ಎಷ್ಟು ಸ್ಕ್ಯಾನ್ ಮಾಡಿದರೂ ಸಿಗುವುದಿಲ್ಲ. ಮೂಲ ತಿಳಿಯದೆ ಚಿಕಿತ್ಸೆ ಆರಿಸುವುದು ಕಷ್ಟ. ಊರು ಬಿಟ್ಟ ಜೀವಕೋಶ ತನ್ನ ಹುಟ್ಟಿದ ಅಂಗದ ಮೈಕ್ರೋಆರ್‌ಎನ್‌ಎ ಗುರುತನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ. 2008ರಲ್ಲಿ ಸಂಶೋಧಕರು 48 ಮೈಕ್ರೋಆರ್‌ಎನ್‌ಎಗಳ ಪ್ರಮಾಣವನ್ನು ಅಳೆದು, ಹರಡಿದ ಗಡ್ಡೆಯ ಒಂದು ಚೂರಿನಿಂದಲೇ ಅದು ಹೊರಟದ್ದು ಯಾವ ಅಂಗದಿಂದ ಎಂದು ಗುರುತಿಸುವ ವಿಧಾನವನ್ನು ಪ್ರಕಟಿಸಿದರು.